‘ಘಟಶ್ರಾದ್ಧ’ದಲ್ಲಿ ನೋಡುವವನ ಸ್ಥಾನ

ಯು. ಆರ್. ಅನಂತಮೂರ್ತಿಯವರ ‘ಘಟಶ್ರಾದ್ಧ’ವನ್ನು ವಿವೇಚಿಸುವಾಗ ಬಹಿಷ್ಕೃತೆಯಾದ ಯಮುನೆಯ ದುಃಖವನ್ನು ವರ್ಣಿಸಿ, ಅಗ್ರಹಾರದ ಕ್ರೌರ್ಯವನ್ನು ಖಂಡಿಸಿ, ಅಷ್ಟಕ್ಕೇ ನಿಲ್ಲುವುದು ಸುಲಭ. ಆದರೆ ಕಥೆ ನಮಗೆ ದೊರೆಯುವುದು ಅವಳ ಬಾಯಿಂದಲ್ಲ. ಅವಳ ತಂದೆಯ ಬಳಿ ವೇದಾಧ್ಯಯನಕ್ಕೆಂದು ಬಂದ ಎಳೆಯ ವಟುವಿನ ಕಣ್ಣಿನಿಂದ. ಹೊರಗಿಡಲ್ಪಟ್ಟವರನ್ನು ಕಾಣುವವನ ಚಿತ್ತದಲ್ಲಿ ಏನು ನಡೆಯುತ್ತದೆಂಬುದನ್ನು ಕುರಿತು ಈ ಶತಮಾನದಲ್ಲಿ ನಡೆದಿರುವ ಕೆಲವು ಪ್ರಯೋಗಗಳು ಇಲ್ಲಿ ಉಪಯುಕ್ತವಾಗಬಲ್ಲವು. ಅವನ್ನು ಎಚ್ಚರದಿಂದ ಬಳಸಬೇಕು, ಅಷ್ಟೆ.

2003ರಲ್ಲಿ ನವೋಮಿ ಐಸೆನ್‌ಬರ್ಗರ್ ಮೊದಲಾದವರು 13 ಮಂದಿಯನ್ನು ಗಣಕಯಂತ್ರದ ಮೇಲಿನ ಒಂದು ಚೆಂಡಾಟದಲ್ಲಿ ತೊಡಗಿಸಿ, ಸ್ವಲ್ಪ ಹೊತ್ತಿನ ಮೇಲೆ ಅವರಿಗೆ ಚೆಂಡೇ ಬಾರದಂತೆ ಮಾಡಿ, ಅವರ ಮಿದುಳನ್ನು ಪರೀಕ್ಷಿಸಿದರು. ಮೈನೋವಿನ ಸಂಕಟದೊಡನೆ ಸಂಬಂಧವುಳ್ಳ ಸಿಂಗ್ಯುಲೇಟ್ ಎಂಬ ಭಾಗವು ಆಗ ಹೆಚ್ಚು ಚುರುಕುಗೊಂಡಿತು. ಇದರಿಂದ ‘ತಿರಸ್ಕಾರದ ಗಾಯ’ವೆಂಬುದು ರೂಪಕವಲ್ಲ, ವಾಸ್ತವವೇ ಎಂದು ಸಾರುವವರುಂಟು. ಅದು ಆತುರದ ಮಾತು. 2014ರಲ್ಲಿ ಪ್ರಣಯಭಂಗವನ್ನು ಅನುಭವಿಸಿದವರನ್ನು ಪರೀಕ್ಷಿಸಿದಾಗ, ಎರಡು ನೋವುಗಳೂ ಒಂದೇ ಪ್ರದೇಶಗಳಲ್ಲಿ ಎದ್ದರೂ ಅವುಗಳ ವಿನ್ಯಾಸಗಳು ಬೇರೆಬೇರೆಯೆಂದು ತಿಳಿದುಬಂದಿತು. ರೂಪಕವು ರೂಪಕವಾಗಿಯೇ ಉಳಿಯಿತು. ಸಾಹಿತ್ಯದ ಉಪಾಧ್ಯಾಯರಿಗೆ ಇದರಿಂದ ನಷ್ಟವೇನೂ ಇಲ್ಲ.

ಪ್ರಕೃತ ವಿಷಯಕ್ಕೆ ಹೆಚ್ಚು ಹತ್ತಿರವಾದುದು 2013ರ ಪ್ರಯೋಗ. ಅಪರಿಚಿತನೊಬ್ಬನನ್ನು ಆಟದಿಂದ ಹೊರಗಿಟ್ಟುದನ್ನು ಕಂಡವರಲ್ಲಿ ಪರಚಿತ್ತವನ್ನು ಊಹಿಸುವ ಭಾಗಗಳು ಮುಖ್ಯವಾಗಿ ಕೆಲಸಮಾಡಿದುವು. ಸ್ನೇಹಿತನನ್ನು ಹೊರಗಿಟ್ಟುದನ್ನು ಕಂಡಾಗಲಾದರೋ, ಸ್ವಂತ ಸಂಕಟಕ್ಕೆ ಸಂಬಂಧಿಸಿದ ಭಾಗಗಳೂ ಎಚ್ಚೆತ್ತವು. ಎಂದರೆ, ಕಂಡದ್ದು ಒಂದೇ ಆದರೂ ಕಾಣುವವನಿಗೂ ಹೊರಗಾದವನಿಗೂ ಇರುವ ನಂಟು ವೇದನೆಯ ಬಗೆಯನ್ನು ಬದಲಿಸುತ್ತದೆ.

ಚೆಂಡಾಟಕ್ಕೂ ಘಟಶ್ರಾದ್ಧಕ್ಕೂ ಅಜಗಜಾಂತರವುಂಟು, ನಿಜ. ಆದರೆ ಈ ಕರ್ಮವು ಕೈಯಿಡುವುದು ಆ ನಂಟಿನ ಮೇಲೆಯೇ. ಮನುಸ್ಮೃತಿಯ 11ನೆಯ ಅಧ್ಯಾಯದಲ್ಲಿ ಪತಿತನ ಸಪಿಂಡರು ಊರ ಹೊರಗೆ, ಸಾಯಂಕಾಲ, ಜ್ಞಾತಿಗಳ ಹಾಗೂ ಗುರುಗಳ ಎದುರಿನಲ್ಲಿ, ಬದುಕಿರುವವನಿಗೇ ಉದಕಕ್ರಿಯೆ ಮಾಡತಕ್ಕದ್ದೆಂದಿದೆ. ದಾಸಿಯು ತುಂಬಿದ ಕೊಡವನ್ನು ಕಾಲಿನಿಂದ ಉರುಳಿಸಬೇಕು. ಅನಂತರ ಮಾತು, ಸಹಾಸನ, ದಾಯಭಾಗ ಎಲ್ಲವೂ ನಿಲ್ಲುತ್ತವೆ. ಪ್ರೇಕ್ಷಕರಿಲ್ಲದೆ ಈ ಕರ್ಮವಿಲ್ಲ. ಅದು ಪತಿತನನ್ನು ದಂಡಿಸುವುದಕ್ಕಿಂತ ಮಿಗಿಲಾಗಿ, ಬಂಧುಗಳಿಗೆ ‘ಇವನನ್ನು ಇನ್ನು ಸತ್ತವನೆಂದು ಕಾಣಿರಿ’ ಎಂದು ಕಲಿಸುತ್ತದೆ. ಸತ್ತವರಿಗೆ ಹಸಿವಿಲ್ಲ, ಚಳಿಯಿಲ್ಲ. ಆದುದರಿಂದ ನೋಡುವವನಿಗೆ ಮರುಕದ ಹೊರೆಯೂ ಇಲ್ಲ.

ಈ ಪಾಠವನ್ನು ಕಲಿಯದೆ ಉಳಿದವನು ಆ ಹುಡುಗ. ವೇದಪಾಠಕ್ಕೆಂದು ಬಂದವನು ಅವನು. ಆದರೂ ಅವನಿಗೆ ಅವಳು ಯಮುನಕ್ಕ. ಅವಳ ಗುಟ್ಟು ಪೂರ್ತಿಯಾಗಿ ಅರ್ಥವಾಗದೆ ಇದ್ದರೂ ಅವಳ ಬಳಿಯೇ ಸುಳಿದಾಡಿದವನು. ಪರಚಿತ್ತವನ್ನು ಊಹಿಸುವ ಶಕ್ತಿ ಅಗ್ರಹಾರದ ಹಿರಿಯರಲ್ಲಿ ಅವನಿಗಿಂತ ಬಲವಾಗಿದೆ. ಅವಳು ಮಾಡಿದ್ದೇನು, ಏಕೆ ಎಂಬುದು ಅವರಿಗೆ ತಿಳಿಯುತ್ತದೆ. ತಿಳಿದೂ ಅವರಿಗೆ ನೋಯುವುದಿಲ್ಲ. ಅವನಿಗೆ ತಿಳಿಯದೆಯೇ ನೋಯುತ್ತದೆ. ಬಾಲಕನ ದೃಷ್ಟಿಯನ್ನು ಕೇವಲ ‘ಮುಗ್ಧತೆ’ಯೆಂದು ಕರೆದರೆ ಈ ವ್ಯತ್ಯಾಸ ಮರೆಯಾಗುತ್ತದೆ, ತರಗತಿಗಳಲ್ಲಿ ಆ ಮಾತನ್ನು ಸ್ವಲ್ಪ ಕಡಮೆ ಬಳಸುವುದು ಒಳ್ಳೆಯದು.

ಇನ್ನೊಂದು ಅಂಶ. ಪತಿತೆಯಾದ ಸ್ತ್ರೀಗೂ ಇದೇ ವಿಧಿಯೆಂದ ಸ್ಮೃತಿಯು, ಅವಳಿಗೆ ಅನ್ನ, ಪಾನ, ವಸ್ತ್ರಗಳನ್ನು ಕೊಟ್ಟು ಮನೆಯ ಸಮೀಪದಲ್ಲಿಯೇ ಇರಿಸಬೇಕೆಂದೂ ಹೇಳಿದೆ. ಪ್ರಾಯಶ್ಚಿತ್ತ ಮಾಡಿಕೊಂಡವನೊಡನೆ ಬಂಧುಗಳು ಪುಣ್ಯಜಲದಲ್ಲಿ ಮಿಂದು ಹೊಸ ಕೊಡವೊಂದನ್ನು ನೀರಿಗೆ ಬಿಡಬೇಕೆಂದೂ ವಿಧಿಸಿದೆ. ಕಥೆಯಲ್ಲಿ ಆ ಎರಡನೆಯ ಕೊಡದ ಮಾತನ್ನೇ ಯಾರೂ ಎತ್ತುವುದಿಲ್ಲ.