ಗಣಿಯ ತಳದಲ್ಲೊಂದು ಜೀವನಚರಿತ್ರೆ

ಕನ್ನಡದಲ್ಲಿ ವಿಜ್ಞಾನಿಗಳ ಜೀವನಚರಿತ್ರೆಗೆ ಒಂದು ಸಿದ್ಧ ಅಚ್ಚಿದೆ. ಸಣ್ಣ ಊರು, ಚುರುಕು ಹುಡುಗ, ಕೈಹಿಡಿದ ಮೇಷ್ಟ್ರು, ವಿದೇಶ ಪಯಣ, ಕೊನೆಗೆ ಪ್ರಶಸ್ತಿಗಳ ಪಟ್ಟಿ. ಹಂಪಿಯಲ್ಲಿ ಕೂತು ಇಂಥ ಬರಹಗಳ ಬಗ್ಗೆಯೇ ಸಂಶೋಧನೆ ಮಾಡುತ್ತಿರುವ ನನಗೆ, ಈ ಅಚ್ಚು ನಮ್ಮ ಸಂತಚರಿತ್ರೆಗಳಿಂದ ಬಂದದ್ದು ಎನ್ನಿಸುತ್ತದೆ. ಪವಾಡದ ಜಾಗಕ್ಕೆ ಶೋಧ ಬಂದಿದೆ. ಉಳಿದ ಚೌಕಟ್ಟು ಹಾಗೇ ಇದೆ.

ವಿಶ್ವಕಿರಣ ವಿಜ್ಞಾನಿ ಬಿ.ವಿ. ಶ್ರೀಕಂಠನ್ ಅವರ ಬದುಕನ್ನು ಈ ಅಚ್ಚಿಗೆ ಹಾಕುವುದು ಬಹಳ ಸುಲಭ. 1925ರಲ್ಲಿ ನಂಜನಗೂಡಿನಲ್ಲಿ ಜನನ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದು. 1948ರಲ್ಲಿ ಹೋಮಿ ಭಾಭಾ ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರ್ಪಡೆ, 1975ರಿಂದ 1987ರವರೆಗೆ ಅದರ ನಿರ್ದೇಶಕ, 1988ರಲ್ಲಿ ಪದ್ಮಭೂಷಣ, 2019ರಲ್ಲಿ ನಿಧನ. ಎರಡು ಪುಟದಲ್ಲಿ ಕಥೆ ಮುಗಿಯುತ್ತದೆ. ಅವರು ಮಾಡುತ್ತಿದ್ದ ಕೆಲಸವಾದರೂ ಏನು ಎಂಬ ಪ್ರಶ್ನೆಗೆ ಆ ಎರಡು ಪುಟದಲ್ಲಿ ಜಾಗವಿರುವುದಿಲ್ಲ.

ತೊಡಕು ‘ವಿಶ್ವಕಿರಣ’ ಎಂಬ ಪದದಿಂದಲೇ ಶುರು. 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಐದು ಕಿಲೋಮೀಟರಿಗೂ ಮೇಲೇರಿ, ಎತ್ತರಕ್ಕೆ ಹೋದಂತೆ ವಿಕಿರಣ ಹೆಚ್ಚುವುದನ್ನು ಕಂಡ. ಮುಂದೆ ಇದು ಬೆಳಕಿನ ಜಾತಿಗೆ ಸೇರಿದ್ದೆಂದು ಊಹಿಸಿದ್ದರಿಂದ ‘ಕಿರಣ’ ಎಂಬ ಹೆಸರು ಅಂಟಿತು. ನಿಜದಲ್ಲಿ ಇವು ಕಣಗಳು, ಬಹುಪಾಲು ಪ್ರೋಟಾನ್‌ಗಳು. ವಾಯುಮಂಡಲಕ್ಕೆ ಬಡಿದಾಗ ಇವುಗಳಿಂದ ಮ್ಯೂಆನ್‌ನಂಥ ಬೇರೆ ಕಣಗಳು ಹುಟ್ಟುತ್ತವೆ. ಕಿರಣ ಎಂದೊಡನೆ ನಮ್ಮ ಲೇಖನಿಗೆ ಜ್ಞಾನಜ್ಯೋತಿಯ ನೆನಪಾಗುತ್ತದೆ. ಶ್ರೀಕಂಠನ್ ಇಳಿದದ್ದು ಮಾತ್ರ ಕತ್ತಲಿಗೆ.

1950ರ ದಶಕದ ಆರಂಭದಲ್ಲಿ ಅವರು ಕೋಲಾರದ ಚಿನ್ನದ ಗಣಿಯೊಳಗೆ ಬೇರೆ ಬೇರೆ ಆಳದಲ್ಲಿ ಮ್ಯೂಆನ್‌ಗಳನ್ನು ಎಣಿಸಿದರು. ಬಂಡೆ ಇಲ್ಲಿ ಜರಡಿಯ ಕೆಲಸ ಮಾಡುತ್ತದೆ. ಅದು ದಪ್ಪವಾದಷ್ಟೂ ಹೆಚ್ಚು ಶಕ್ತಿಯ ಕಣಗಳು ಮಾತ್ರ ಕೆಳಗೆ ತಲುಪುತ್ತವೆ. ಎಷ್ಟು ಆಳದಲ್ಲಿ ಎಷ್ಟು ಉಳಿದವು ಎಂಬುದರಿಂದ ಅವುಗಳ ಶಕ್ತಿಯ ಅಂದಾಜು ಸಿಗುತ್ತದೆ. ಮುಂದಿನ ದಶಕದ ಆರಂಭದಲ್ಲಿ ಸಹೋದ್ಯೋಗಿಗಳು 2,700 ಮೀಟರಿಗೂ ಹೆಚ್ಚಿನ ಆಳದಲ್ಲಿ ಉಪಕರಣವಿಟ್ಟು ಸುಮಾರು ಎರಡು ತಿಂಗಳು ಕಾದರು. ಒಂದೇ ಒಂದು ಮ್ಯೂಆನ್ ಬರಲಿಲ್ಲ.

ಅಚ್ಚಿನ ಜೀವನಚರಿತ್ರೆಗೆ ಈ ಸೊನ್ನೆ ನುಂಗಲಾರದ ತುತ್ತು. ಕಥೆ ತಿರುವು ಪಡೆದದ್ದೇ ಅಲ್ಲಿ. ಅಷ್ಟು ನಿಶ್ಶಬ್ದವಾದ ಜಾಗವೇ ನ್ಯೂಟ್ರಿನೊ ಹುಡುಕಲು ತಕ್ಕದ್ದು ಎಂದು ಹೊಳೆಯಿತು. ನ್ಯೂಟ್ರಿನೊವನ್ನು ಬಂಡೆಯಿರಲಿ, ಇಡೀ ಭೂಮಿಯೂ ತಡೆಯುವುದು ಅಪರೂಪ. 1965ರಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಮುಂಬಯಿ, ಒಸಾಕಾ ಮತ್ತು ಡರ್ಹಮ್‌ನ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತು ಕಂಡರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಗಣಿಯೊಂದರಲ್ಲಿ ಫ್ರೆಡರಿಕ್ ರೈನ್ಸ್ ತಂಡವೂ ಕಂಡಿತ್ತು. ಕೋಲಾರದ ಪ್ರಬಂಧ ಆಗಸ್ಟ್ 15ರಂದು ಪ್ರಕಟವಾಯಿತು, ಅವರದು ಎರಡು ವಾರ ತಡವಾಗಿ. ನಮ್ಮ ಬರಹಗಳು ಈ ‘ಮೊದಲು’ ಎಂಬ ಪದಕ್ಕೆ ಜೋತುಬೀಳುತ್ತವೆ. ನಾನು ನಿಲ್ಲುವುದು ಆ ಪ್ರಬಂಧದ ತಲೆಯಲ್ಲಿರುವ ಹನ್ನೊಂದು ಹೆಸರುಗಳ ಬಳಿ. ಶ್ರೀಕಂಠನ್ ಅವರಲ್ಲೊಬ್ಬರು. ಒಬ್ಬನೇ ನಾಯಕನಿರುವ ಕಥನಕ್ಕೆ ಈ ಹನ್ನೊಂದನ್ನು ಹೊರುವ ಶಕ್ತಿಯಿಲ್ಲ.

ಹನ್ನೆರಡನೆಯ ಹೆಸರೂ ಬೇಕಿತ್ತು. ಆ ಸುರಂಗಗಳನ್ನು ಕೊರೆದವರು ಬಂಡೆ ಸಿಡಿತಕ್ಕೆ ಜೀವ ತೆತ್ತ ಗಣಿ ಕಾರ್ಮಿಕರು. ಅವರಲ್ಲಿ ಬಹಳ ಮಂದಿ ತಮಿಳು ಮಾತಾಡುವ ದಲಿತರು. ಚಿನ್ನಕ್ಕಾಗಿ ಅವರು ತೋಡಿದ ಆಳವೇ ಭೌತವಿಜ್ಞಾನದ ಪ್ರಯೋಗಾಲಯವಾಯಿತು. ದಲಿತ ಸಾಹಿತ್ಯದ ನಂತರ ಕನ್ನಡದಲ್ಲಿ ಕಾದಂಬರಿ ಬದಲಾಯಿತು, ಆತ್ಮಕಥೆ ಬದಲಾಯಿತು. ವಿಜ್ಞಾನಿಯ ಜೀವನಚರಿತ್ರೆಗೆ ಆ ಗಾಳಿ ಅಷ್ಟಾಗಿ ತಾಗಿಲ್ಲ.

ನಾಯಕನ ಕಥೆ ಮಕ್ಕಳಿಗೆ ಸ್ಫೂರ್ತಿ ಕೊಡುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಕೊಡುತ್ತದೆ, ನಿಜ. ಆದರೆ ಹೊಸಪೇಟೆ, ಸಂಡೂರು, ಕಂಪ್ಲಿ ಕಡೆಯ ವಿದ್ಯಾರ್ಥಿಗೆ ಗಣಿ ಎಂದರೆ ಅದಿರಿನ ಲಾರಿ, ಕೆಂಪು ದೂಳು, ಕೂಲಿ, ಕೋರ್ಟಿನ ಸುದ್ದಿ. ಸಂಡೂರಿನ ಬೆಟ್ಟಸಾಲೂ ಕೋಲಾರದ ಚಿನ್ನದ ನೆಲವೂ ಪುರಾತನ ಶಿಸ್ಟ್ ಪಟ್ಟಿಗಳೇ. ಪದ್ಮಭೂಷಣದ ಕಥೆ ಆ ವಿದ್ಯಾರ್ಥಿಗೆ ದೂರದ ಶಿಖರವನ್ನಷ್ಟೇ ತೋರಿಸೀತು. ಬಂಡೆಯ ಕೆಳಗೆ ಎರಡು ತಿಂಗಳು ಕಾದು ಸೊನ್ನೆ ಬರೆದುಕೊಂಡವರ ಕಥೆಯಾದರೆ ತನ್ನ ಕಾಲ ಕೆಳಗಿನ ನೆಲದ ಬಗ್ಗೆ ಬೇರೆ ಪ್ರಶ್ನೆ ಕೇಳುವಂತೆ ಮಾಡುತ್ತದೆ. ಪಿಎಚ್.ಡಿ.ಯ ಬರಡು ವರ್ಷಗಳಲ್ಲಿರುವವರಿಗಂತೂ ಅದು ಹೆಚ್ಚು ಹತ್ತಿರದ ಓದು.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದವರ ನೆನಪು ಇನ್ನೂ ಬಾಯಲ್ಲಿರುವಾಗಲೇ ಯಾರಾದರೂ ಶ್ರೀಕಂಠನ್ ಕುರಿತು ಬರೆಯುವುದಾದರೆ, ನಂಜನಗೂಡಿನ ಬಾಲ್ಯದಿಂದ ಶುರು ಮಾಡದೆ, ಗಣಿಯ ಪಂಜರದಲ್ಲಿ ಉಪಕರಣದೊಂದಿಗೆ ಕೆಳಗಿಳಿಯುವ ಜನರಿಂದ ಶುರು ಮಾಡಲಿ.