ಹೂವರ್ ದಂಪತಿಗಳ ಗೃಹಚಲಚ್ಚಿತ್ರಗಳು: ವರ್ಣಾಭಿವ್ಯಕ್ತಿ ವಿಚಾರ

ಅಮೆರಿಕಾ ಸಂಯುಕ್ತಸಂಸ್ಥಾನಗಳ 31ನೆಯ ಅಧ್ಯಕ್ಷನಾಗಿದ್ದ ಹರ್ಬರ್ಟ್ ಹೂವರ್ ಮಹಾಶಯನ (1874–1964) ಪತ್ನಿ ಲೂ ಹೆನ್ರಿ ಹೂವರ್ ಎಂಬಾಕೆಯು ಶ್ವೇತಭವನದ ವಾಸಕಾಲದಲ್ಲಿ ತೆಗೆದ ಗೃಹಚಲಚ್ಚಿತ್ರಗಳು ಅಯೋವಾ ಪ್ರಾಂತದ ವೆಸ್ಟ್ ಬ್ರಾಂಚಿನಲ್ಲಿರುವ ಹೂವರ್ ಅಧ್ಯಕ್ಷೀಯ ಗ್ರಂಥಾಲಯದಲ್ಲಿ ಬಹುಕಾಲದಿಂದ ರಕ್ಷಿತವಾಗಿದ್ದುವು. ಅವುಗಳನ್ನು ಕಪ್ಪು ಬಿಳುಪಿನ ಸಾಮಾನ್ಯ ಚಿತ್ರಗಳೆಂದೇ ಎಣಿಸಲಾಗಿದ್ದಿತು. ಅವುಗಳೊಳಗೆ ಏಳು ಸುರುಳಿಗಳು ವಸ್ತುತಃ ವರ್ಣಚಿತ್ರಗಳೆಂಬುದನ್ನು ಗ್ರಂಥಾಲಯದ ದಫ್ತರಪಾಲಕರು ಗುರುತಿಸಿದ ಮೇಲೆ, 2017ರಲ್ಲಿ ಅವು ಬಣ್ಣದೊಡನೆ ಪ್ರಕಟವಾದುವು. ಶ್ವೇತಭವನವನ್ನು ಬಣ್ಣದಲ್ಲಿ ತೋರಿಸುವ ಚಲಚ್ಚಿತ್ರಗಳಲ್ಲಿ ಇವೇ ಮೊದಲಿನವೆಂದು ಭಾವಿಸಲಾಗಿದೆ. ಅಲ್ಲಿ ಕಾಣುವ ವಿಷಯಗಳು ಅಲ್ಪ: ಉದ್ಯಾನದ ಹೂಗಳು, ನಾಯಿಗಳು, ಕುಟುಂಬದವರು, ಮೀನು ಹಿಡಿಯುವ ವಿಹಾರ, ಹುಲ್ಲುಹಾಸಿನ ಮೇಲೆ ಭಾರವಾದ ಚೆಂಡನ್ನು ಬಲೆಯ ಆಚೆಗೆ ಎಸೆಯುವ ಪ್ರಾತಃಕಾಲದ ಆಟ. ಈ ಆಟವನ್ನು ಹೂವರನ ದೇಹಾರೋಗ್ಯಕ್ಕೋಸ್ಕರ ಆತನ ವೈದ್ಯನು ಕಲ್ಪಿಸಿದನು. ಚೆಂಡಿನ ತೂಕ 6 ಪೌಂಡು, ಬಲೆಯ ಎತ್ತರ 8 ಅಡಿ. ವಿಷಯವು ಅಲ್ಪವಾದರೂ ಈ ಸುರುಳಿಗಳು ಎಬ್ಬಿಸುವ ಪ್ರಶ್ನೆಯು ಅಲ್ಪವಾದುದಲ್ಲ.

ಮೊದಲು ಪಟ್ಟಿಕೆಯ ಸ್ವರೂಪವನ್ನು ತಿಳಿಯುವುದು ಅವಶ್ಯಕ. ಈಸ್ಟ್‌ಮನ್ ಕೊಡಕ್ ಸಂಸ್ಥೆಯವರು 1928ರಲ್ಲಿ ಹೊರತಂದ ಕೊಡಕಲರ್ ಎಂಬ 16 ಮಿಲಿಮೀಟರಿನ ಈ ಪಟ್ಟಿಕೆಯಲ್ಲಿ ಬಣ್ಣದ ದ್ರವ್ಯವು ಲೇಶವೂ ಇಲ್ಲ. ಇರುವುದು ಬೆಳ್ಳಿಯ ಕಣಗಳಿಂದಾದ ಬೂದುಬಣ್ಣದ ಬಿಂಬವೊಂದೇ. ಆದರೆ ಪಟ್ಟಿಕೆಯ ಬೆನ್ನಿನ ಮೇಲೆ, ಒಂದು ಮಿಲಿಮೀಟರಿನೊಳಗೆ ಇಪ್ಪತ್ತಕ್ಕೂ ಮೇಲಾಗಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಉಬ್ಬುಗೆರೆಗಳನ್ನು ಒತ್ತಿರುವರು. ಒಂದೊಂದು ಗೆರೆಯೂ ಒಂದೊಂದು ಮಸೂರ. ಚಿತ್ರ ತೆಗೆಯುವಾಗ ಯಂತ್ರದ ಮುಂದೆ ಕೆಂಪು, ಹಸುರು, ನೀಲಿ ಪಟ್ಟೆಗಳುಳ್ಳ ಶೋಧಕವನ್ನು ಇಡುವರು. ಈ ಮೂರು ಪಟ್ಟೆಗಳ ಮೂಲಕ ಬಂದ ಬೆಳಕನ್ನು ಪ್ರತಿಯೊಂದು ಮಸೂರವೂ ತನ್ನ ಹಿಂದೆ ಮೂರು ಸ್ಥಾನಗಳಲ್ಲಿ ಬೇರೆಬೇರೆಯಾಗಿ ದಾಖಲಿಸುವುದು. ತೋರಿಸುವಾಗ ಅದೇ ಬಗೆಯ ಶೋಧಕವನ್ನು ಪ್ರಕ್ಷೇಪಕಕ್ಕೆ ಜೋಡಿಸಿದರೆ ಬಣ್ಣವು ತೆರೆಯ ಮೇಲೆ ಮೂಡುವುದು. ಜೋಡಿಸದಿದ್ದರೆ ಬೂದು ಚಿತ್ರವೇ ಕಾಣುವುದು. 1935ರಲ್ಲಿ ಕೊಡಕ್ರೋಮ್ ಬಂದ ಬಳಿಕ ಈ ಕ್ರಮವು ಮರೆಯಾಯಿತು. ಪ್ರಕ್ಷೇಪಕಗಳೂ ಮೂಲೆ ಸೇರಿದುವು. ಬಣ್ಣವು ಬೆಳ್ಳಿಯ ಸ್ಥಾನಭೇದದಲ್ಲಿ ಮಾತ್ರ ಅಡಗಿರುವುದರಿಂದ, ಇತರ ವರ್ಣಪಟ್ಟಿಕೆಗಳಲ್ಲಿ ಬಣ್ಣವು ಮಾಸಿಹೋಗುವಂತೆ ಇಲ್ಲಿ ಮಾಸಲು ಅವಕಾಶವೇ ಇಲ್ಲ. ಮರೆವೇ ಇವುಗಳನ್ನು ಕಾಪಾಡಿತೆಂದರೂ ಸಲ್ಲುವುದು.

ಈಗ ಗಣಕಯಂತ್ರದ ನೆರವಿನಿಂದ ತೋರಿಸಿರುವ ಈ ಬಣ್ಣವು ಅಭಿವ್ಯಕ್ತವೋ, ಉತ್ಪನ್ನವೋ? ಹಳೆಯ ಕಪ್ಪು ಬಿಳುಪಿನ ಚಿತ್ರಗಳಿಗೆ ಊಹೆಯಿಂದ ಬಣ್ಣ ಬಳಿಯುವ ರೂಢಿಯು ಇತ್ತೀಚೆಗೆ ಬಹಳವಾಗಿದೆ. ಅದು ಕೇವಲ ಆರೋಪ. ಅಲ್ಲಿ ಉಡುಪಿನ ನೀಲಿಯು ಬಣ್ಣ ಬಳಿದವನ ನೀಲಿ. ಎರಡನ್ನೂ ಒಂದೇ ತೂಕದಲ್ಲಿ ಇಡುವವರು ದೊಡ್ಡದಾದ ಭೇದವನ್ನು ಕಾಣರು. ತಾಳೆಗರಿಯಲ್ಲಿ ಲೋಹದ ಕಂಟದಿಂದ ಕೊರೆದ ಅಕ್ಷರವು ಮಸಿಯನ್ನು ತೀಡುವವರೆಗೆ ಕಣ್ಣಿಗೆ ಬೀಳದು. ಮಸಿಯು ಅಕ್ಷರವನ್ನು ಸೃಷ್ಟಿಸಿತೆಂದು ಯಾರೂ ಹೇಳರು. ಆನಂದವರ್ಧನನು ವ್ಯಂಗ್ಯಾರ್ಥವನ್ನು ಕುರಿತು ಘಟಪ್ರದೀಪನ್ಯಾಯವನ್ನು ಹೇಳಿದುದು ಇಂಥ ಸ್ಥಲಕ್ಕೆ ಅಕ್ಷರಶಃ ಹೊಂದುವುದು: ದೀಪವು ಘಟವನ್ನು ಮಾಡುವುದಿಲ್ಲ, ತೋರಿಸುವುದು. ಆದುದರಿಂದ ಈ ಏಳು ಸುರುಳಿಗಳ ಬಣ್ಣವು ಅಭಿವ್ಯಕ್ತವೆಂಬುದೇ ಸಿದ್ಧಾಂತ.

ಆದರೂ ಒಂದು ಎಚ್ಚರಿಕೆಯು ಬೇಕು. ಮಸಿ ತೀಡಿದಾಗ ಅಕ್ಷರದೊಡನೆ ಗರಿಯ ಗೀರುಗಳೂ ಕಪ್ಪಾಗುವುವು. ಅವನ್ನೇ ದೀರ್ಘವೆಂದೋ ಒತ್ತೆಂದೋ ಓದಿದವರಿಂದ ಎಷ್ಟು ಪಾಠಾಂತರಗಳು ಹುಟ್ಟಿವೆಯೆಂಬುದು ಗ್ರಂಥಸಂಪಾದಕರಿಗೆ ತಿಳಿಯದುದಲ್ಲ. ಪಟ್ಟಿಕೆಯು ಕಾಲಕ್ರಮದಲ್ಲಿ ಕುಗ್ಗುವುದು. ಮಸೂರಗಳ ಗೆರೆಯು ಕೊಂಚ ಪಲ್ಲಟವಾದರೂ ಕೆಂಪಿನ ಸ್ಥಾನವನ್ನು ಹಸುರಿನದೆಂದು ಯಂತ್ರವು ಓದೀತು. ಬಣ್ಣದ ಗಾಢತೆಯನ್ನು ನಿರ್ಣಯಿಸುವವನೂ ಒಬ್ಬ ಮನುಷ್ಯನೇ. ಹೂವು ಕೆಂಪಾಗಿತ್ತೆಂಬುದಕ್ಕೆ ಈ ಚಿತ್ರವು ಪ್ರಮಾಣ. ಎಷ್ಟು ಕೆಂಪೆಂಬುದಕ್ಕೆ ಅಷ್ಟಾಗಿ ಅಲ್ಲ.

ಇನ್ನು ಭಾವದ ವಿಚಾರ. ಅಧ್ಯಕ್ಷಪದವಿಯ ಅವಧಿಯು 1929ರ ಮಾರ್ಚಿನಿಂದ 1933ರ ಮಾರ್ಚಿನವರೆಗೆ. 1929ರ ಅಕ್ಟೋಬರಿನಲ್ಲಿ ಷೇರುಪೇಟೆಯು ಕುಸಿಯಿತು. ಅಧಿಕಾರವು ಮುಗಿಯುವ ವೇಳೆಗೆ ದುಡಿಯುವವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲೊಬ್ಬನಿಗೆ ಕೆಲಸವಿರಲಿಲ್ಲ. ನಿರ್ಗತಿಕರ ಜೋಪಡಿಗಳ ಕೇರಿಗಳಿಗೆ ಜನರು ಹೂವರನ ಹೆಸರನ್ನೇ ಇಟ್ಟರು. 1932ರ ಜುಲೈ 28ರಂದು, ಭತ್ಯವನ್ನು ಬೇಡಿ ರಾಜಧಾನಿಗೆ ಬಂದಿದ್ದ ಮಾಜಿ ಯೋಧರನ್ನು ಸೈನ್ಯವೇ ಓಡಿಸಿತು. ಇದನ್ನು ಬಲ್ಲ ಪ್ರೇಕ್ಷಕನು ಉದ್ಯಾನದ ಎಳೆಬಿಸಿಲನ್ನೂ ನಗುವ ಮುಖಗಳನ್ನೂ ಕಂಡಾಗ ಎರಡರಲ್ಲೊಂದು ತೀರ್ಮಾನಕ್ಕೆ ಬರುವುದು ಸಹಜ. ಲೋಕವು ಹಸಿದಿರಲು ಇವರು ಹೂದೋಟದಲ್ಲಿ ವಿಹರಿಸಿದರೆಂಬುದು ಒಂದು. ನಿಷ್ಠುರನೆಂದು ನಿಂದೆಗೊಳಗಾದವನು ಇಷ್ಟು ಸರಳನಾದ ಗೃಹಸ್ಥನಾಗಿದ್ದನೆಂಬುದು ಮತ್ತೊಂದು.

ಈ ಎರಡು ತೀರ್ಮಾನಗಳಿಗೂ ಚಿತ್ರದಲ್ಲಿ ಆಧಾರವಿಲ್ಲ. ಕೊಡಕಲರ್ ಪಟ್ಟಿಕೆಗೆ ಬೆಳಕು ಬಹಳವಾಗಿ ಬೇಕು. ಶೋಧಕವು ಬೆಳಕಿನ ಬಹುಭಾಗವನ್ನು ನುಂಗುವುದರಿಂದ ಮಸೂರದ ಬಾಯನ್ನು ಪೂರ್ತಿಯಾಗಿ ತೆರೆದು ಒಳ್ಳೆಯ ಬಿಸಿಲಿನಲ್ಲಿಯೇ ಚಿತ್ರವನ್ನು ತೆಗೆಯಬೇಕಾಗಿದ್ದಿತು. ಕಾಗದಪತ್ರಗಳ ನಡುವೆ ರಾತ್ರಿಯವರೆಗೂ ಕುಳಿತ ಅಧ್ಯಕ್ಷನು ಈ ಪಟ್ಟಿಕೆಗೆ ಗೋಚರನೇ ಅಲ್ಲ. ಬಿಸಿಲನ್ನು ಆರಿಸಿದುದು ಗೃಹಿಣಿಯ ಮನಸ್ಸಲ್ಲ, ರಾಸಾಯನಿಕದ ಧರ್ಮ. ವಿಭಾವವೇ ಯಂತ್ರದಿಂದ ನಿಯತವಾದ ಮೇಲೆ ಅದರಿಂದ ಸ್ಥಾಯಿಯನ್ನು ಸಾಧಿಸಹೊರಡುವುದು ಅಯುಕ್ತ. ನೋಡುವವನಲ್ಲಿ ಹುಟ್ಟುವ ಕರುಣವಾಗಲಿ ಕೋಪವಾಗಲಿ ಇತಿಹಾಸಜ್ಞಾನದಿಂದ ಬಂದುದು, ಚಿತ್ರವು ನಿಮಿತ್ತಮಾತ್ರ. ಧ್ವನಿಯನ್ನೆಲ್ಲ ಅನುಮಾನದೊಳಗೆ ಅಡಗಿಸಿದ ಮಹಿಮಭಟ್ಟನ ವಾದವು ಕಾವ್ಯದಲ್ಲಿ ನಿಲ್ಲಲಿಲ್ಲ. ಈ ಒಂದು ಸ್ಥಲದಲ್ಲಿ ಮಾತ್ರ ಅದು ನಿಲ್ಲುವುದು. ಬಣ್ಣವು ಇಲ್ಲಿ ವ್ಯಂಗ್ಯದಂತೆ ಒಳಗೇ ಇರುವುದು. ಔದಾಸೀನ್ಯವೋ ಸೌಜನ್ಯವೋ ಹೊರಗಿನಿಂದ ತಂದ ಅನುಮಾನ, ಅದೂ ಹೇತ್ವಾಭಾಸದಿಂದ ಕೂಡಿದುದು.

ಯಂತ್ರವನ್ನು ಹಿಡಿದಾಕೆಯ ವಿಷಯದಲ್ಲಿಯಂತೂ ಅನುಮಾನವು ಇನ್ನೂ ದುರ್ಬಲ. ಆರ್ಥಿಕ ಸಂಕಟದ ಕಾಲದಲ್ಲಿ ಈಕೆಯು ಗುಟ್ಟಾಗಿ ಅನೇಕರಿಗೆ ನೆರವಾಗಿದ್ದುದು 1944ರಲ್ಲಿ ತೀರಿಕೊಂಡ ಮೇಲೆ ಕಾಗದಪತ್ರಗಳಿಂದ ತಿಳಿದುಬಂದಿತು. ಸುರುಳಿಗಳಲ್ಲಿ ಅದರ ಸುಳಿವೂ ಇಲ್ಲ. ಇರಬೇಕೆಂದು ಬಯಸುವುದೂ ಸರಿಯಲ್ಲ. ಭೂಗರ್ಭಶಾಸ್ತ್ರವನ್ನು ಕಲಿತು ಲ್ಯಾಟಿನ್ ಭಾಷೆಯನ್ನು ಬಲ್ಲವಳಾಗಿದ್ದ ಈಕೆಯು, ಅಗ್ರಿಕೋಲ ಪಂಡಿತನ 1556ರ ಗಣಿಶಾಸ್ತ್ರಗ್ರಂಥವನ್ನು ಪತಿಯೊಡನೆ ಇಂಗ್ಲಿಷಿಗೆ ಪರಿವರ್ತಿಸಿ 1912ರಲ್ಲಿ ಪ್ರಕಟಿಸಿದಳು. ಅಗ್ರಿಕೋಲನು ತಾನೇ ಕಟ್ಟಿದ ಪಾರಿಭಾಷಿಕ ಪದಗಳು ನಿಘಂಟಿನಲ್ಲಿ ದೊರೆಯದಿರಲು, ಗಣಿಯ ಕೆಲಸವನ್ನು ಬಲ್ಲ ಈ ದಂಪತಿಗಳು ವಸ್ತುವನ್ನೇ ಪರೀಕ್ಷಿಸಿ ಅರ್ಥವನ್ನು ನಿಶ್ಚಯಿಸಿದರು. ಈಕೆಯ ಚಿತ್ರಗಳನ್ನು ಓದುವವರಿಗೆ ಈಕೆಯದೇ ಆದ ಆ ಕ್ರಮಕ್ಕಿಂತ ಉತ್ತಮವಾದುದು ಸಿಕ್ಕಲಾರದು.

ಆದಕಾರಣ ಈ ಸುರುಳಿಗಳನ್ನು ಪಾಠಕ್ಕಾಗಿ ತೋರಿಸುವವರು ಬಣ್ಣದ ಪ್ರತಿಯ ಪಕ್ಕದಲ್ಲಿ ಬೂದಿನ ಮೂಲವನ್ನೂ, ಹಸ್ತಪ್ರತಿಯ ಪಾಠವನ್ನು ಅಡಿಯಲ್ಲಿ ಕೊಡುವ ಸಂಪಾದಕರಂತೆ, ತಪ್ಪದೆ ತೋರಿಸಬೇಕು. ಮಸೂರದ ಗೆರೆಗಳು ಕಾಣುವಷ್ಟು ಹಿಗ್ಗಿಸಿದ ಒಂದು ಚೌಕವನ್ನಾದರೂ ಜೊತೆಗಿಟ್ಟರೆ ಬಣ್ಣವು ಎಲ್ಲಿ ಅಡಗಿದ್ದಿತೆಂಬುದು ವಿದ್ಯಾರ್ಥಿಗಳಿಗೆ ಪ್ರತ್ಯಕ್ಷವಾಗುವುದು.