ಸಣ್ಣ ಆರ್‌ಎನ್‌ಎಯ ಆಯವ್ಯಯ: ಒಂದು ವಿಮರ್ಶೆ

ಸಣ್ಣ ಆರ್‌ಎನ್‌ಎಗಳು ಜೀನುಗಳ ಅಭಿವ್ಯಕ್ತಿಯನ್ನು ತಡೆಯುತ್ತವೆಂಬ ಮಾತು ನಮ್ಮ ತರಗತಿಗಳಲ್ಲಿ ರೂಢವಾಗಿದೆ. ಎಷ್ಟರಮಟ್ಟಿಗೆ ತಡೆಯುತ್ತವೆ, ಯಾವಾಗ ತಡೆಯಲಾರವು ಎಂದು ಕೇಳುವವರು ವಿರಳ. ಈ ಪ್ರಶ್ನೆಯನ್ನು ಅಳತೆಗೆ ಒಳಪಡಿಸಿದ ಲೆವಿನ್, ಜಾಂಗ್, ಕುಲ್‌ಮನ್ ಮತ್ತು ಹ್ವಾ ಅವರ 2007ರ ಪ್ರಬಂಧವು ಅಧ್ಯಾಪಕರ ಪರಿಶೀಲನೆಗೆ ಅರ್ಹವಾದುದು.

ಅವರು ಮುಖ್ಯವಾಗಿ ಆರಿಸಿಕೊಂಡದ್ದು ಇ. ಕೋಲೈ ಬ್ಯಾಕ್ಟೀರಿಯದ ಆರ್‌ವೈಎಚ್‌ಬಿ ಎಂಬ ಸಣ್ಣ ಆರ್‌ಎನ್‌ಎಯನ್ನು. ಕಬ್ಬಿಣದ ಅಭಾವವೊದಗಿದಾಗ ಇದು ಹುಟ್ಟಿ, ಕಬ್ಬಿಣವನ್ನು ಬಳಸುವ ಹಲವು ಪ್ರೋಟೀನುಗಳ ಸಂದೇಶವಾಹಕ ಆರ್‌ಎನ್‌ಎಗಳೊಡನೆ ಜೋಡಿಗೊಳ್ಳುತ್ತದೆ. ಆಮೇಲೆ ಎರಡೂ ನಾಶವಾಗುತ್ತವೆಂದು ಮಾಸೆ, ಎಸ್ಕೋರ್ಸಿಯ, ಗಾಟ್ಸ್‌ಮನ್ ಅವರು 2003ರಲ್ಲಿಯೇ ತೋರಿಸಿದ್ದರು. ನಿರೋಧಕ ಪ್ರೋಟೀನು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಬಲ್ಲುದು. ಇದಾದರೋ ಕೆಲಸದಲ್ಲಿ ತಾನೇ ವ್ಯಯವಾಗುತ್ತದೆ.

ಇದರ ಫಲವನ್ನು ಅರಿಯಲು ಕೂಡುವ ಕಳೆಯುವ ಲೆಕ್ಕವೇ ಸಾಕು. ಗಣಿತಕ್ಕೆ ಹಿಂಜರಿಯುವ ವಿದ್ಯಾರ್ಥಿಯೂ ಅಂಜಬೇಕಾಗಿಲ್ಲ. ನಿಮಿಷಕ್ಕೆ 10 ಸಣ್ಣ ಆರ್‌ಎನ್‌ಎಗಳು ಹುಟ್ಟುತ್ತವೆಂದು ಭಾವಿಸೋಣ. ಸಂದೇಶವಾಹಕಗಳು 8 ಹುಟ್ಟಿದರೆ ಬಹುತೇಕ ಎಲ್ಲವೂ ಅಳಿಯುತ್ತವೆ. 12 ಹುಟ್ಟಿದರೆ ಸುಮಾರು 2, 24 ಹುಟ್ಟಿದರೆ ಸುಮಾರು 14 ಪಾರಾಗುತ್ತವೆ. ಉತ್ಪಾದನೆ ಇಮ್ಮಡಿಯಾಗಲು ಉಳಿಕೆ ಏಳ್ಮಡಿಯಾಯಿತು! ಹೊಸ್ತಿಲಿನ ಕೆಳಗೆ ಮೌನ, ಮೇಲೆ ಸರಳರೇಖೆ. ಸಾಡ್‌ಬಿ ಜೀನಿನ ನಿಯಂತ್ರಕ ಭಾಗಕ್ಕೆ ಹಸಿರಾಗಿ ಹೊಳೆಯುವ ಪ್ರೋಟೀನಿನ ಜೀನನ್ನು ಜೋಡಿಸಿ ಅಳೆದಾಗ ಲೇಖಕರಿಗೆ ದೊರೆತದ್ದು ಈ ಆಕಾರವೇ. ಬಂಧನ ದುರ್ಬಲವಾದಷ್ಟೂ ಹೊಸ್ತಿಲು ಮಸುಕಾಗುತ್ತದೆಂಬುದನ್ನು ಮಾತ್ರ ಮರೆಯಬಾರದು.

ಪ್ರಬಂಧದ ಗುಣ ನಿರ್ವಿವಾದ. ಆದರೆ ಅದನ್ನು ಓದಿದವರು ಹೊಸ್ತಿಲು ಕಂಡಲ್ಲೆಲ್ಲ ಜೋಡಿನಾಶವನ್ನು ಊಹಿಸತೊಡಗಿದರೆ ಅದು ಸಾಧುವಲ್ಲ. 2011ರಲ್ಲಿ ಮುಖರ್ಜಿ ಮತ್ತು ಸಂಗಡಿಗರು ಸಸ್ತನಿಗಳ ಜೀವಕೋಶಗಳಲ್ಲಿ ಮೈಕ್ರೋ ಆರ್‌ಎನ್‌ಎಗಳಿಂದಲೂ ಹೊಸ್ತಿಲು ಉಂಟಾಗುವುದನ್ನು ತೋರಿಸಿದರು. ಮೈಕ್ರೋ ಆರ್‌ಎನ್‌ಎ ಗುರಿಯೊಡನೆ ಅಳಿಯಲೇಬೇಕೆಂದಿಲ್ಲ, ಮರಳಿ ಬಳಕೆಗೆ ಬರಬಲ್ಲುದು. ಗುರಿಗಳಿಗೆ ಬಿಗಿಯಾಗಿ ಅಂಟಿಕೊಂಡು ಬಿಡುವಿಲ್ಲದಂತಾದರೂ ಹೊಸ್ತಿಲು ಮೂಡುತ್ತದೆ. ಆದುದರಿಂದ ರೇಖೆಯ ಆಕಾರವೊಂದೇ ಕಾರ್ಯವಿಧಾನಕ್ಕೆ ಸಾಕ್ಷಿಯಾಗದು. ಜೋಡಿನಾಶಕ್ಕೆ ಆಧಾರ 2003ರ ಪ್ರಯೋಗದಲ್ಲಿದೆ, ಈ ರೇಖೆಯಲ್ಲಿಲ್ಲ.

ಇನ್ನೊಂದು ಕೊರತೆಯುಂಟು. ಆರ್‌ವೈಎಚ್‌ಬಿಗೆ ಎಚ್‌ಎಫ್‌ಕ್ಯೂ ಎಂಬ ಪ್ರೋಟೀನಿನ ನೆರವು ಬೇಕು. ಅದನ್ನೇ ಬಯಸುವ ಸಣ್ಣ ಆರ್‌ಎನ್‌ಎಗಳು ಕೋಶದಲ್ಲಿ ಇನ್ನೂ ಅನೇಕ. ಪ್ರಬಂಧದ ಎರಡು ಸಮೀಕರಣಗಳಲ್ಲಿ ಈ ಪ್ರೋಟೀನಿಗೆ ಪ್ರತ್ಯೇಕ ಸ್ಥಾನವಿಲ್ಲ. ಅದು ಸಾಲದಾದಾಗ ನಮ್ಮ ಉದಾಹರಣೆಯ ಹೊಸ್ತಿಲು 10ಕ್ಕಿಂತ ಕೆಳಗಿಳಿಯಬಹುದು. ಎಷ್ಟು ಕೆಳಗೆಂಬುದನ್ನು ಆ ಸಮೀಕರಣಗಳಿಂದ ತಿಳಿಯಲಾಗದು.